ಇಲ್ಲ ಅಂದರೆ ಇಲ್ಲು

ಮನೆಮನೆ ಸಮೀಕ್ಷೆಗೆ ಹೋಗುವ ಟೀಚರುಗಳಿಗೆ ನಾಯಿಗಿಂತ ಜನರ ಮಾತಿನ ಭಯವೇ ಹೆಚ್ಚು. ನಾಯಿ ಬೊಗಳಿ ಸುಮ್ಮನಾಗುತ್ತದೆ, ಜನ ಸುಮ್ಮನಾಗುವುದಿಲ್ಲ. ನನ್ನ ಶಾಲೆ ಇರುವ ಗದ್ವಾಲದ ಓಣಿಗಳಲ್ಲಿ ನಾನೂ ಫಾರಮ್ಮಿನ ಕಟ್ಟು ಎದೆಗೆ ಅವಚಿಕೊಂಡು ತಿರುಗಿದವಳೇ. ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದರೆ ಸೊಸೆ ತವರಿಗೆ ಹೋಗಿ ಕೂತ ಕಥೆ ಶುರುವಾಗುತ್ತಿತ್ತು. ಮನೆ ಸ್ವಂತದ್ದೋ ಬಾಡಿಗೆಯದೋ ಎಂದರೆ ತೀರಿಹೋದ ಮಾವ ತನ್ನ ತಮ್ಮನ ಜೊತೆ ನಡುಗೋಡೆಗಾಗಿ ಆಡಿದ ಜಗಳವನ್ನು ಮೊದಲಿನಿಂದ ಕೇಳಬೇಕಿತ್ತು. ನನ್ನ ಹಾಳೆಯಲ್ಲಿದ್ದದ್ದು ಒಂದು ಚೌಕ, ಅದಕ್ಕೆ ಬೇಕಾದದ್ದು ಒಂದು ಗುರುತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ‘ಒಂದು ಮಾತಿನಲ್ಲಿ ಹೇಳಮ್ಮಾ’ ಎಂದು ಎಷ್ಟು ಬಾಗಿಲುಗಳಲ್ಲಿ ಗದರಿದ್ದೇನೋ ನನಗೇ ಗೊತ್ತಿಲ್ಲ.

ಆ ಸಿಟ್ಟು ಆರುವ ಮೊದಲೇ, ನಾರಾಯಣಪೇಟೆಯಲ್ಲಿದ್ದ ನನ್ನ ಚಿಗವ್ವನಿಗೆ ಫೋನು ಮಾಡಿದೆ. ಅವಳ ಓಣಿಗೂ ಸಮೀಕ್ಷೆ ಬರುವುದಿತ್ತು.

“ಚಿಗವ್ವಾ, ನಾಳಿ ಸರ್ವೇದವರು ಬರ್ತಾರಂತ. ನಿನ್ನ ಪುರಾಣ ಬಿಚ್ಚಬ್ಯಾಡ. ಅವರು ಕೇಳಿದ್ದಕ್ಕ ಒಂದ ಮಾತು ಹೇಳು, ಸಾಕು.”

“ಒಂದ ಮಾತಾ?”

“ಒಂದ.”

“ಆಯ್ತು ಬಿಡವಾ. ಟೀಚರಮ್ಮನ ಹುಕುಂ.”

ಹುಟ್ಟಿದಾಗಿನಿಂದ ನನ್ನ ಮಾತನ್ನು ಅವಳು ಅಕ್ಷರಶಃ ಕೇಳಿದ್ದು ಅದೊಂದೇ ಸಲ. ಕೇಳದೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ತಾಯಿ ತೀರಿದಾಗ ನಾನು ಆರನೇ ತರಗತಿ. ಅಲ್ಲಿಂದ ಮುಂದೆ ನನ್ನ ಓದು, ಬಟ್ಟೆ, ತಲೆಯ ಎಣ್ಣೆ ಎಲ್ಲ ಅವಳ ಮಗ್ಗದಿಂದಲೇ ಬಂದದ್ದು. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ಕೆರೆಯ ಕಡೆಗೆ ಇಳಿಯುವ ನೇಕಾರರ ಓಣಿಯಲ್ಲಿ ಒಂದೇ ಕೋಣೆಯ ಮನೆ. ಆ ಕೋಣೆಯ ಅರ್ಧ ಮಗ್ಗದ್ದು, ಇನ್ನರ್ಧದಲ್ಲಿ ನಾವಿಬ್ಬರು, ಒಲೆ, ನೀರಿನ ಕೊಡ. ಅವಳದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕೂತು, ಕಾಲು ಕೆಳಗೆ ಇಳಿಬಿಟ್ಟು ತುಳಿಯುತ್ತ ನೇಯಬೇಕು. ನಮ್ಮ ಕಡೆ ಹೆಣ ಹೂಳುವ ಗುಂಡಿಗೂ ಕುಣಿ ಅಂತಲೇ ಹೆಸರು. “ಅರ್ಧ ಮೈ ಆಗಲೇ ಕುಣಿಯಾಗ ಐತಿ. ಇನ್ನರ್ಧ ನೂಕೂದು ನಿಮಗೇನು ಭಾರ ಆಗಂಗಿಲ್ಲ” ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಗಿಸುವುದು ಅವಳಿಗೆ ಉಸಿರಾಡಿದಷ್ಟು ಸಲೀಸು, ಹಾಗಾಗಿಯೇ ಅವಳ ಬಾಯಿಗೆ ಬೀಗ ಹಾಕಬೇಕೆಂದು ನನಗೆ ಅನಿಸಿದ್ದು.

ಮನೆಮಾತು ಕನ್ನಡವಾದರೂ ನಮ್ಮದು ತೆಲುಗು ರಾಜ್ಯದ ಗಡಿ. ನಾರಾಯಣಪೇಟೆ ಜಿಲ್ಲಾ ಕೇಂದ್ರವಾದಾಗ ಓಣಿಯವರೆಲ್ಲ ಖುಷಿಪಟ್ಟರು. ಚಿಗವ್ವ ಬೆಲ್ಲದ ಮಾದಲಿಯ ಸಿಹಿ ಮಾಡಿ ಹಂಚಿದಳು. ಇನ್ನು ಮೇಲೆ ಕೆಲಸಕ್ಕೆಲ್ಲ ಮಹಬೂಬನಗರದ ಬಸ್ಸು ಹಿಡಿಯಬೇಕಾಗಿಲ್ಲ, ಕಚೇರಿ ಕಾಲಬುಡಕ್ಕೇ ಬರುತ್ತದೆ ಎಂದು ಅವರ ಲೆಕ್ಕ. ಕಚೇರಿಗಳು ಬಂದವು. ಕಚೇರಿಗಳ ಹಿಂದೆ ಜೀಪು, ಕಾರು ಬಂದವು. ಅವು ಓಡಾಡಲು ರಸ್ತೆ ಸಾಲದು ಎಂದು ಊರಿನ ಹೊಸ ನಕ್ಷೆ ಬಂತು. ಒಂದು ಬೆಳಿಗ್ಗೆ ಪುರಸಭೆಯವರು ಬಣ್ಣದ ಡಬ್ಬಿ ಹಿಡಿದು ಬಂದು ಓಣಿಯ ಎರಡೂ ಬದಿಯ ಗೋಡೆಗಳಿಗೆ ಕೆಂಪು ಗೆರೆ ಎಳೆದರು. ಎದುರು ಸಾಲಿನ ಸಾವಕಾರರ ಮನೆಗೆ ಗೆರೆ ಕಟ್ಟೆಯ ಮೇಲೆ ಬಿತ್ತು. ಚಿಗವ್ವನ ಮನೆಗೆ ಅದು ಹಿಂದಿನ ಗೋಡೆಯ ಮೇಲೆ ಬಿತ್ತು, ಅಂದರೆ ಮುಂದಿರುವುದೆಲ್ಲ ರಸ್ತೆ.

ಅಷ್ಟಾಗಿದ್ದರೆ ಪರಿಹಾರವಾದರೂ ಬರುತ್ತಿತ್ತು. ಆದರೆ ನಿಜಾಮರ ಕಾಲದ ಹಳೆಯ ನಕ್ಷೆಯಲ್ಲಿ ಇನ್ನೊಂದು ಗೆರೆ ಇತ್ತಂತೆ. ಎದುರು ಸಾಲು ಗೆರೆಯ ಒಳಗೆ, ಅಂದರೆ ಆಬಾದಿ, ಜನ ವಾಸಿಸುವ ಊರಿನ ಜಾಗ. ಚಿಗವ್ವನ ಸಾಲು ಗೆರೆಯ ಹೊರಗೆ, ಕೆರೆಗೆ ನೀರು ಹೋಗುವ ಕಾಲುವೆಯ ದಂಡೆ, ಸರ್ಕಾರದ ಜಾಗ. ಆ ಕಾಲುವೆಯಲ್ಲಿ ನೀರು ಹರಿದದ್ದನ್ನು ನಾನು ಕಂಡಿಲ್ಲ, ಚಿಗವ್ವನೂ ಕಂಡಿಲ್ಲ. ಹತ್ತು ಹೆಜ್ಜೆ ಅಗಲದ ಓಣಿ. ಆ ಕಡೆಯವರು ಮಾಲೀಕರು, ಈ ಕಡೆಯವರು ಕಬ್ಜಾ ಮಾಡಿದವರು. ಸಾವಕಾರರಿಗೆ ಕಟ್ಟೆ ಹೋದದ್ದಕ್ಕೆ ಪರಿಹಾರ ಸಿಕ್ಕಿತು, ಉಳಿದ ಮನೆ ದೊಡ್ಡ ರಸ್ತೆಗೆ ಮುಖ ಮಾಡಿ ಅಂಗಡಿಯಾಯಿತು. ಈ ಕಡೆಯವರಿಗೆ ಬಂದದ್ದು ತೆಲುಗಿನಲ್ಲಿ ಅಚ್ಚಾದ ಒಂದು ನೋಟೀಸು. ನಾನೇ ಓದಿ ಹೇಳಿದೆ: ಈ ಜಾಗ ನಿಮ್ಮದಲ್ಲ, ಇದರ ಮೇಲಿನ ಮನೆಗೆ ಪರವಾನಗಿ ಇಲ್ಲ.

ಚಿಗವ್ವ ಟ್ರಂಕು ತೆಗೆದು ಮನೆ ತೆರಿಗೆಯ ರಸೀದಿಗಳನ್ನು ಹೊರಗಿಟ್ಟಳು. ಮದುವೆ ಸೀರೆಯ ಮಡಿಕೆಯಲ್ಲಿ ಒಂದನ್ನೂ ಕಳೆಯದೆ ಇಟ್ಟಿದ್ದಳು. ಪುರಸಭೆಯಲ್ಲಿ ಆ ಕಟ್ಟನ್ನು ಯಾರೂ ಬಿಚ್ಚಲೇ ಇಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ ಹಕ್ಕು ಬರುವುದಿಲ್ಲ ಎಂದರು.

“ತೆರಿಗಿ ತೊಗೊಳ್ಳುವಾಗ ಮನಿ ಇತ್ತು, ಈಗ ಎಲ್ಲಿ ಹೋತು?” ಎಂದು ಚಿಗವ್ವ ಹಿಂದಿರುಗುವಾಗ ಕೇಳಿದಳು. “ಆಬಾದಿ ಅವರಿಗೆ, ಬರ್ಬಾದಿ ನಮಗ. ಹೌದಿಲ್ಲೋ?”

ಇಲ್ಲಿ ನನ್ನ ಮನೆಯ ಮಾತನ್ನೂ ಹೇಳಬೇಕು, ಹೇಳದಿದ್ದರೆ ನನಗೇ ನಾಚಿಕೆ. ಮಕ್ತಲದಲ್ಲಿ ನಾವಿರುವ ಮನೆ ಒಂದು ಕಾಲಕ್ಕೆ ತೊಗರಿಯ ಹೊಲ. ಹೊಲದೊಡೆಯ ಕಲ್ಲು ನೆಟ್ಟು, ಸುಣ್ಣ ಬಳಿದು, ‘ವೆಂಚರ್’ ಎಂದು ಬೋರ್ಡು ಹಾಕಿ ಪ್ಲಾಟು ಮಾರಿದ. ಹೊಲವನ್ನು ಮನೆಜಾಗ ಮಾಡಲು ಅವನು ಯಾರ ಅಪ್ಪಣೆಯನ್ನೂ ಪಡೆದಿರಲಿಲ್ಲ. ಅದು ಗೊತ್ತಿದ್ದೇ ನಾನೂ ನನ್ನ ಗಂಡನೂ ಕೊಂಡೆವು, ಮನೆಯನ್ನೂ ಕಟ್ಟಿದೆವು. ಆಮೇಲೆ ಸರ್ಕಾರವೇ, ಇಂಥ ಪ್ಲಾಟುಗಳವರು ಶುಲ್ಕ ಕಟ್ಟಿದರೆ ಸಕ್ರಮ ಮಾಡಿಕೊಡುತ್ತೇವೆ ಎಂದಿತು. ಮೊಬೈಲಿನಲ್ಲೇ ಕಟ್ಟಿದೆವು. ಒಂದು ಕಾಗದ ಬಂತು, ನಮ್ಮ ತಪ್ಪು ಸರಿಯಾಯಿತು. ಚಿಗವ್ವನ ಮನೆ ನನಗಿಂತ ಹಿರಿಯದು, ನನ್ನ ಮನೆ ನನ್ನ ಕಿರಿಮಗಳಿಗಿಂತ ಚಿಕ್ಕದು. ಕಾಯದೆಯ ಕಣ್ಣಿಗೆ ಎರಡೂ ತಪ್ಪಿ ಹುಟ್ಟಿದವೇ. ಅವಳ ಜಾಗಕ್ಕೂ ಸಕ್ರಮದ ದರಖಾಸ್ತು ಹಾಕಲು ನೋಡಿದೆ. ಕಾಲುವೆಯ ದಂಡೆಗೆ ಅದು ಅನ್ವಯಿಸುವುದಿಲ್ಲ ಎಂದು ಕಿಟಕಿಯಾಚೆ ಕೂತವರು ತಲೆ ಎತ್ತದೆ ಹೇಳಿದರು.

ಉಳಿದದ್ದು ಒಂದೇ ದಾರಿ. ಊರ ಹೊರಗೆ ಸರ್ಕಾರ ಬಡವರಿಗೆಂದು ಕಟ್ಟಿಸಿದ ಮೂರು ಅಂತಸ್ತಿನ ಮನೆಗಳಿದ್ದವು. ಎಲ್ಲಿಯೂ ಸ್ವಂತ ಮನೆ ಇಲ್ಲದವರಿಗೆ, ಊರಿನಲ್ಲೇ ವಾಸವಾಗಿರುವವರಿಗೆ ಅವನ್ನು ಕೊಡುತ್ತಾರೆ. ಯಾರಿಗೆ ಮನೆ ಇದೆ, ಯಾರಿಗಿಲ್ಲ ಎಂದು ನೋಡಲಿಕ್ಕೇ ಆ ಸಮೀಕ್ಷೆ.

“ಮೂರನೇ ಅಂತಸ್ತಿನಾಗ ಕುಣಿ ತೋಡಿದ್ರ ನನ್ನ ಕಾಲು ಕೆಳಗಿನವರ ತಲಿ ಮ್ಯಾಲ ಬರ್ತಾವಲ್ಲವಾ” ಎಂದಳು ಚಿಗವ್ವ. ಮಗ್ಗ ಹೋದರೂ ತಲೆಯ ಮೇಲೆ ಸೂರು ಉಳಿಯಲಿ ಎಂದು ನಾನು ವಾದಿಸಿದೆ. ಅವಳು ಲಾಳಿಯನ್ನು ಪಕ್ಕಕ್ಕಿಟ್ಟು, “ಯಾವುದಾರ ಒಂದು ಉಳೀಲಿ” ಎಂದಳು. ಅಂದಿನಿಂದ ಆ ಮನೆಯೊಂದೇ ನಮ್ಮಿಬ್ಬರ ಆಸೆ.

ಸಮೀಕ್ಷೆ ಮುಗಿದ ಕೆಲವು ವಾರಗಳಿಗೆ ಪುರಸಭೆಯ ಗೋಡೆಗೆ ಪಟ್ಟಿ ಅಂಟಿಸಿದರು. ಶಾಲೆಗೆ ರಜೆ ಹಾಕಿ ಹೋಗಿ ಬೆರಳಿಟ್ಟು ಹುಡುಕಿದೆ. ಅರ್ಹರ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಅನರ್ಹರ ಪಟ್ಟಿಯಲ್ಲಿ ಇತ್ತು, ಕಾರಣದ ಕಾಲಮ್ಮಿನಲ್ಲಿ: ಸ್ವಂತ ಮನೆ ಇದೆ.

ನಾನು ಓಣಿಗೆ ಹೋಗುವಷ್ಟರಲ್ಲಿ ನನ್ನ ತಲೆ ಕಾದ ಹೆಂಚಾಗಿತ್ತು. “ಏನಂತ ಹೇಳಿದಿ ನೀನು? ಮನಿ ಐತಿ ಅಂತ ಯಾಕ ಹೇಳಿದಿ?”

“ನಾ ಎಲ್ಲಿ ಹೇಳೀನಿ? ಇಲ್ಲ ಅಂದೀನಿ.”

“ಖರೆ ಹೇಳು.”

“ನಿನ್ನ ಆಣಿ. ನೀ ಹೇಳಿದಂಗ ಒಂದ ಮಾತು.”

ತರಗತಿಯಲ್ಲಿ ಮಕ್ಕಳಿಗೆ ಕೇಳುವ ಹಾಗೆ, ಅವನು ಏನು ಕೇಳಿದ, ನೀನು ಏನಂದಿ, ಹಾಗೆಯೇ ಒಪ್ಪಿಸು ಎಂದೆ. ಅವಳು ಒಪ್ಪಿಸಿದಳು. ಬಂದವನು ಬಾಗಿಲಲ್ಲೇ ನಿಂತಿದ್ದನಂತೆ. ಇವಳು ಕುಣಿಯಲ್ಲಿ ಕಾಲಿಟ್ಟು ನೇಯುತ್ತಲೇ ಇದ್ದಳಂತೆ. ಅವನು ತೆಲುಗಿನಲ್ಲಿ, “ಸೊಂತಂಗಾ ಏಮುಂದಮ್ಮಾ? ಇಲ್ಲು, ಜಾಗಾ, ಪೊಲಂ?” ಎಂದನಂತೆ. ಸ್ವಂತಕ್ಕೆ ಏನಿದೆ, ಮನೆಯೋ, ಜಾಗವೋ, ಹೊಲವೋ ಎಂದು. ಇವಳಿಗೆ ತೆಲುಗು ನೀರು ಕುಡಿದಷ್ಟು ಸುಲಭ, ಬಜಾರಿನಲ್ಲಿ ಅದರಲ್ಲೇ ಚೌಕಾಸಿ ಮಾಡುತ್ತಾಳೆ. ಆದರೆ ಮಗ್ಗದ ಮೇಲೆ ಕೂತಾಗ ಅವಳ ಬಾಯಿಗೆ ಬರುವುದು ಕನ್ನಡವೊಂದೇ. ತಲೆಯಲ್ಲಿ ನಾನು ಓದಿ ಹೇಳಿದ ನೋಟೀಸು ಕೂತಿತ್ತು. ಜಾಗ ನಿನ್ನದಲ್ಲ ಎಂದು ಸರ್ಕಾರವೇ ಹೇಳಿದ ಮೇಲೆ ಅವಳದು ಹೇಗಾಗುತ್ತದೆ? ಕಿವಿಯಲ್ಲಿ ನನ್ನ ಹುಕುಂ ಇತ್ತು. ಒಂದೇ ಮಾತು ಅಂದಳು.

“ಇಲ್ಲ.”

ತೆಲುಗಿನಲ್ಲಿ ಇಲ್ಲು ಎಂದರೆ ಮನೆ. ಇಲ್ಲು, ಜಾಗ, ಹೊಲ ಎಂದು ಮೂರು ಹೆಸರು ಹೇಳಿ ಕಾದು ನಿಂತವನಿಗೆ ಮೊದಲನೆಯದೇ ಉತ್ತರವಾಗಿ ಕೇಳಿಸಿತು. ಅವನು ಇಲ್ಲು ಎಂದು ಗುರುತು ಹಾಕಿಕೊಂಡು ಮುಂದಿನ ಬಾಗಿಲಿಗೆ ಹೋದ.

ಅದು ಹೊಳೆದಾಗ ನನಗೆ ನಗು ಬಂತು. ಬಿಡಿಸಿ ಹೇಳಿದೆ. ಚಿಗವ್ವನೂ ಮಗ್ಗದ ಕಂಬ ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. “ಇಲ್ಲ ಅಂದ್ರ ಇಲ್ಲು! ಅಯ್ಯ ನನ ಶಿವನ!” ಅವಳ ನಗು ಇನ್ನೂ ನಡೆದಿದ್ದಾಗ ನನ್ನದು ನಿಂತಿತು. ಪುರಾಣ ಬಿಚ್ಚಿದ್ದರೆ ಪಾರಾಗುತ್ತಿದ್ದಳು. ನೋಟೀಸು, ಕಾಲುವೆ, ಗಂಡ, ಕೆಂಪು ಗೆರೆ ಎಲ್ಲ ಹೇಳಿ ಅವನ ತಲೆ ತಿಂದಿದ್ದರೆ ಅವನಿಗೆ ಅರ್ಥವಾಗುತ್ತಿತ್ತು. ಅವಳ ಬಾಯಿಯನ್ನು ಕಟ್ಟಿದ್ದು ನಾನು.

ಸಮೀಕ್ಷೆ ಮಾಡಿದವನನ್ನು ಹುಡುಕುವುದು ಕಷ್ಟವಾಗಲಿಲ್ಲ, ಅವನೂ ನಮ್ಮ ಇಲಾಖೆಯವನೇ. ದೂರದ ಜಿಲ್ಲೆಯಿಂದ ಹೊಸದಾಗಿ ಬಂದ ಟೀಚರು, ಕನ್ನಡದ ಗಾಳಿಯೂ ಸೋಕದವನು. ಚಿಗವ್ವನನ್ನು ಅವನು ಮರೆತಿರಲಿಲ್ಲ. ಆ ಓಣಿಯಲ್ಲಿ ಎಲ್ಲರೂ ಅರ್ಧರ್ಧ ಗಂಟೆ ಮಾತಾಡಿದರು ಮೇಡಂ, ಆ ಒಬ್ಬ ತಾಯಿ ಮಾತ್ರ ಒಂದೇ ಮಾತಿನಲ್ಲಿ ಹೇಳಿ ಪುಣ್ಯ ಕಟ್ಟಿಕೊಂಡರು ಎಂದ. ಆಮೇಲೆ ನಾನು ಹೇಳಿದ್ದು ಕೇಳಿ ಅವನ ಮುಖ ಕಪ್ಪಿಟ್ಟಿತು. ತಪ್ಪಾಗಿ ಕೇಳಿಸಿಕೊಂಡೆ ಎಂದು ಬರೆದುಕೊಡಲು ತಯಾರಾದ, ಪೆನ್ನನ್ನೂ ತೆಗೆದ. ಪಕ್ಕದಲ್ಲಿದ್ದ ಅವನ ಹೆಡ್‌ಮಾಸ್ಟರು, ತಪ್ಪು ಮಾಹಿತಿ ತುಂಬಿದವರ ಮೇಲೆ ಕ್ರಮ ಅಂತ ಆದೇಶದಲ್ಲೇ ಇದೆ, ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ ಎಂದು ಮೆಲ್ಲಗೆ ನೆನಪಿಸಿದರು. ಪೆನ್ನು ಗಾಳಿಯಲ್ಲೇ ನಿಂತಿತು. ಅವನು ನನ್ನ ಮುಖ ನೋಡಿದ. ಬರೆಯಪ್ಪಾ ಎಂದು ನಾನು ಅನ್ನಬೇಕಿತ್ತು. ಗದ್ವಾಲದಲ್ಲಿ ನಾನು ಹಾಕಿದ ಗುರುತುಗಳೆಲ್ಲ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಷ್ಟು ‘ಇಲ್ಲ’ಗಳನ್ನು ನಾನು ಅವಸರದಲ್ಲಿ ಏನೇನೋ ಮಾಡಿರಬೇಕು. ಇರಲಿ ಬಿಡಪ್ಪಾ ಎಂದು ಎದ್ದು ಬಂದೆ.

ತಹಸೀಲು ಕಚೇರಿಗೆ ಹೋದೆವು. ಮನೆ ಇಲ್ಲ ಎಂಬ ಸರ್ಟಿಫಿಕೇಟು ಕೊಡಿ ಎಂದೆ. ಸಮೀಕ್ಷೆಯಲ್ಲಿ ಮನೆ ಇದೆ ಎಂದಿದೆ, ಇಲ್ಲ ಎಂದು ಹೇಗೆ ಕೊಡಲಿ ಎಂದರು. ಹಾಗಾದರೆ ಇದೆ ಎಂದು ಕೊಡಿ, ಒಡೆಯುವಾಗ ಪರಿಹಾರವಾದರೂ ಸಿಗಲಿ ಎಂದೆ. ಅದು ಸರ್ಕಾರದ ಜಾಗ, ಅಲ್ಲಿ ಮನೆ ಎಂಬುದೇ ಇಲ್ಲ ಎಂದರು. ನನ್ನ ಸಿಟ್ಟು ನೆತ್ತಿಗೇರಿತು, ಜೋರಾಗಿಯೇ ಮಾತಾಡಿದೆ. ಮೇಜಿನಾಚೆಯವರು ಸಿಟ್ಟಾಗಲೇ ಇಲ್ಲ, ನೀರು ಕುಡಿಯಿರಿ ಟೀಚರಮ್ಮಾ ಎಂದರು. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಸಮೀಕ್ಷೆಯ ದಾಖಲೆ ತಿದ್ದುವ ಅಧಿಕಾರ ನಮಗಿಲ್ಲ, ಆಕ್ಷೇಪಣೆ ಬರೆದುಕೊಡಿ, ಮೇಲಿನಿಂದ ಅಪ್ಪಣೆ ಬಂದರೆ ನಮ್ಮವರು ಜಾಗಕ್ಕೇ ಬಂದು ನೋಡುತ್ತಾರೆ ಎಂದು ಹೇಳಿದರು. ಬರೆದುಕೊಟ್ಟೆವು. ರಸೀದಿಗೆ ಮೊಹರು ಒತ್ತಿಸಿಕೊಂಡು ಬಂದೆವು. ಚಿಗವ್ವ ಅದನ್ನೂ ಮದುವೆ ಸೀರೆಯ ಮಡಿಕೆಗೆ ಸೇರಿಸಿದಳು.

ನೋಡುವವರು ಬರುವ ಮೊದಲು ಒಡೆಯುವವರು ಬಂದರು. ಕೋಣೆ ಉರುಳಲು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮಗ್ಗದ ಕಂಬ, ಹಲಗೆಗಳನ್ನು ಹಿಂದಿನ ದಿನವೇ ಬಿಚ್ಚಿ ಟೆಂಪೋದಲ್ಲಿ ಹಾಕಿ ಮಕ್ತಲಕ್ಕೆ ಕಳಿಸಿದ್ದೆವು. ಕುಣಿಯನ್ನು ಕಳಿಸಲಾಗಲಿಲ್ಲ. ಗೋಡೆಗಳು ಹೋದ ಮೇಲೆ ಅದು ಬಯಲಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಅದರ ಅಂಚು ಅವಳು ಕೂತು ಕೂತು ನುಣುಪಾಗಿತ್ತು. ಯಂತ್ರದವನು ಅವಳ ಗೋಡೆಯ ಮಣ್ಣನ್ನೇ ತಂದು ಅದಕ್ಕೆ ತುಂಬಿದ.

“ಮುಚ್ಚಿದ್ರು ನೋಡು” ಎಂದಳು ಚಿಗವ್ವ. “ನಾ ಒಳಗ ಇಳಿಯೂತನಕ ಕಾಯಲಿಲ್ಲ.”

ಆ ದಿನ ಅವಳ ಮಾತಿಗೆ ಯಾರೂ ನಗಲಿಲ್ಲ. ನಾನು ರಸ್ತೆಯಲ್ಲೇ ನಿಂತು ಅತ್ತೆ.

ಮಕ್ತಲಕ್ಕೆ ಬಂದುಬಿಡು ಎಂದು ಕೈಹಿಡಿದು ಕೇಳಿದೆ. ಅವಳು ಒಪ್ಪಲಿಲ್ಲ. ಊರಿನಲ್ಲೇ ವಾಸವಿರಬೇಕು ಎಂಬ ನಿಯಮ ನನಗಿಂತ ಅವಳಿಗೆ ಚೆನ್ನಾಗಿ ನೆನಪಿತ್ತು. “ನಿನ್ನ ಮನಿಗೆ ಬಂದ್ರ ನಾ ಮಕ್ತಲದಾಕಿ ಅಂತ ಬರೀತಾರ. ಅರ್ಜಿ ಹೋಗ್ತೈತಿ. ನೋಡಾಕ ಬರ್ತೀವಿ ಅಂದಾರಲ್ಲ, ಅವರು ಬಂದಾಗ ನಾ ಇಲ್ಲೇ ಇರಬೇಕು.” ನಾಲ್ಕು ಓಣಿ ಆಚೆ ಒಂದು ಕೋಣೆ ಬಾಡಿಗೆ ಹಿಡಿದಳು. ಮನೆಯವರು ಒಳ್ಳೆಯವರೇ, ಆದರೆ ಮೊನ್ನೆ ಹಾಕಿಸಿದ ಟೈಲ್ಸ್ ಕಿತ್ತು ಕುಣಿ ತೋಡಲು ಯಾರು ಬಿಡುತ್ತಾರೆ? ಜೀವಮಾನವಿಡೀ ಸೀರೆ ನೇಯ್ದವಳು ಈಗ ಬೇರೆಯವರ ಮಗ್ಗಕ್ಕೆ ರಾಟೆಯಲ್ಲಿ ನೂಲು ಸುತ್ತಿಕೊಡುತ್ತಾಳೆ. ಅವಳ ಮಗ್ಗದ ಕಟ್ಟಿಗೆ ನನ್ನ ಸಕ್ರಮವಾದ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಬೆಳಿಗ್ಗೆ ಶಾಲೆಗೆ ಹೊರಡುವಾಗ ಅದನ್ನು ದಾಟಿಯೇ ಚಪ್ಪಲಿ ಹಾಕಿಕೊಳ್ಳಬೇಕು.

ದಿನಾ ಮಧ್ಯಾಹ್ನ ಅವಳು ಹಳೆಯ ಮನೆ ಇದ್ದ ಕಡೆಗೆ ಒಂದು ಸುತ್ತು ಹೋಗಿ ಬರುತ್ತಿದ್ದಳಂತೆ, ನೋಡುವವರು ಅಕಸ್ಮಾತ್ ಬಂದಿದ್ದರೆ ಎಂದು. ಹೊಸ ವಿಳಾಸವನ್ನು ನಾನು ಕಚೇರಿಗೆ ಬರೆದುಕೊಟ್ಟಿದ್ದೆ. ಆದರೂ ಹೋಗುತ್ತಿದ್ದಳು. ಡಾಂಬರಿನ ಅಂಚಿನಲ್ಲಿ ನಿಂತು, ಎದುರಿನ ಸಾವಕಾರರ ಅಂಗಡಿಯವರನ್ನು, “ಯಾರರ ನನ್ನ ಕೇಳಿಕೋತ ಬಂದಿದ್ರೇನ್ರಿ?” ಎಂದು ವಿಚಾರಿಸಿ ಬರುತ್ತಿದ್ದಳು.

ಹೋದ ತಿಂಗಳು ನನ್ನ ಮೊಬೈಲಿಗೆ ಸಂದೇಶ ಬಂತು, ಅರ್ಜಿಯಲ್ಲಿ ನನ್ನದೇ ನಂಬರು ಕೊಟ್ಟಿದ್ದೆವು. ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ನಾರಾಯಣಪೇಟೆಗೆ ಹೋದೆ. ಫೋನಿನಲ್ಲಿ ಹೇಳುವ ಧೈರ್ಯವಿರಲಿಲ್ಲ. ಚಿಗವ್ವ ರಾಟೆಯ ಮುಂದೆ ಕೂತಿದ್ದಳು. ನನ್ನ ಮುಖ ನೋಡಿ ಕೈ ನಿಲ್ಲಿಸಿದಳು.

“ಬಂದಿದ್ರೇನು ಅವರು?”

“ಬಂದಿದ್ರಂತ.”

“ಎಲ್ಲಿಗೆ?”

“ಹಳೀ ಮನಿಗೆ. ಹೊಸಾ ವಿಳಾಸ ಅವರ ಕೈಗೆ ಮುಟ್ಟಿಲ್ಲ ಕಾಣ್ತೈತಿ.”

“ಅಲ್ಲಿ ರಸ್ತಾ ಐತಲ್ಲ.”

“ಹೂಂ. ರಸ್ತಾ ನೋಡಿ ಹೋಗ್ಯಾರ.”

ಸಂದೇಶವನ್ನು ತೆಲುಗಿನಲ್ಲಿ ಇದ್ದ ಹಾಗೆ ಓದಿದೆ. ಅವಳಿಗೆ ಅರ್ಥವಾಗಿತ್ತು. ಆದರೂ ಕನ್ನಡದಾಗ ಹೇಳು ಎಂದಳು. ಹೇಳಿದೆ: ಅರ್ಜಿಯಲ್ಲಿದ್ದ ವಿಳಾಸದಲ್ಲಿ ಪರಿಶೀಲಿಸಲಾಯಿತು, ಅರ್ಜಿದಾರರು ಅಲ್ಲಿ ಇಲ್ಲ, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಓದಲು ಬಾರದವಳು ಆ ಸಾಲುಗಳನ್ನು ಹತ್ತಿರ ಹಿಡಿದು ನೋಡಿದಳು. ಇನ್ನೊಂದು ಅರ್ಜಿ ಹಾಕೋಣ, ಮೇಲಿನವರಿಗೆ ಬರೆಯೋಣ ಎಂದು ನಾನು ಬಡಬಡಿಸುತ್ತಿದ್ದೆ. ಹೊಸ ಅರ್ಜಿ ತೆಗೆದುಕೊಳ್ಳುವುದು ನಿಂತಿದೆ ಎಂದು ನನಗೆ ಗೊತ್ತಿತ್ತು. ಅವಳು ಫೋನನ್ನು ನನ್ನ ಮಡಿಲಲ್ಲಿಟ್ಟಳು.

“ಮನಿ ಇಲ್ಲ ಅಂದೆ, ಐತಿ ಅಂತ ಬರದ್ರು. ನಾ ಇಲ್ಲೇ ಅದೀನಿ, ಇಲ್ಲ ಅಂತ ಬರದಾರ” ಎಂದಳು. “ನೀನೂ ಸಾಲಿ ಟೀಚರ ಅಲ್ಲೇನವಾ, ನೀನ ಹೇಳು. ಇನ್ನ ನಾ ಯಾವ ಮಾತಿನಾಗ ಹೇಳಬೇಕು?”